ನಿಂಬೆಹಣ್ಣು ದಾಟದ ರಥ

ಎಪ್ಪತ್ತೊಂದನೇ ವಯಸ್ಸಿನಲ್ಲಿ ಮನುಷ್ಯ ಕಾಶಿಗೆ ಹೋಗಬೇಕಂತೆ. ನಾನು ದೀಪಾಂಜಲಿ ನಗರಕ್ಕೆ ಹೋಗಿ ಕಾರು ತಂದೆ. ತೊಂಬತ್ತಾರನೇ ಇಸವಿಯ ಗಾಡಿ. ಓಡಿದ್ದು ಎರಡು ಲಕ್ಷ ಎಂಬತ್ತಾರು ಸಾವಿರ ಕಿಲೋಮೀಟರ್. ಅಂದರೆ ಚಂದ್ರಲೋಕಕ್ಕೆ ಮುಕ್ಕಾಲು ದಾರಿ! ಉಳಿದ ಕಾಲು ದಾರಿ ನನ್ನದು ಎಂದು ವಿಜಯನಗರದ ನಮ್ಮ ಬೀದಿಗೆಲ್ಲ ಸಾರಿದೆ.

ಕಾರಣವಿತ್ತು. ನಲವತ್ತೈದು ವರ್ಷದ ಹಿಂದೆ ಮದುವೆ ಮುಗಿಸಿ ಕೆಂಗೇರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದೆವು. ಕಾಲು ನೋಯುತ್ತಿದೆ ಎಂದ ಹೊಸ ಹೆಂಡತಿ ವರಲಕ್ಷ್ಮಿಗೆ ಅಲ್ಲೇ ಮಾತು ಕೊಟ್ಟೆ: ಮುಂದಿನ ಸಲ ತವರಿಗೆ ಸ್ವಂತ ಕಾರಿನಲ್ಲಿ. ಆ ಮುಂದಿನ ಸಲ ಇನ್ನೂ ಬಂದಿರಲಿಲ್ಲ.

"ಈಗ ಮೆಟ್ರೋ ಇದೆಯಲ್ರೀ. ಕೂತ್ಕೊಂಡೇ ಹೋಗ್ತೀನಿ," ಎಂದಳು.

"ಮೆಟ್ರೋನ ನಾನು ತಂದಿದ್ದಾ? ಕೊಟ್ಟ ಮಾತು ಮಾತೇ ಕಣೇ."

ಎರಡು ತಿಂಗಳು ಗಾಡಿಯ ಕೆಳಗೇ ಸಂಸಾರ ಮಾಡಿದೆ. ಮೆಕ್ಯಾನಿಕ್ ಉಗ್ರಪ್ಪ ಹೆಸರಿಗೆ ಮಾತ್ರ ಉಗ್ರ. "ಸಾರ್, ಗೇರ್ ಕೆಲ್ಸ ಒಂದು ನಂಗೆ ಬಿಟ್ಬಿಡಿ," ಎಂದು ಕೈಮುಗಿದ.

"ಮೂವತ್ತು ವರ್ಷ ಲೇತ್ ನಡೆಸಿದ ಕೈ ಇದು, ಉಗ್ರಪ್ಪ. ವಿಮಾನ ಕೊಟ್ರೂ ಬಿಚ್ಚಿ ಜೋಡಿಸ್ತೀನಿ."

ಬಿಚ್ಚಿದೆ. ಜೋಡಿಸಿದೆ. ಒಂದು ಬೋಲ್ಟ್ ಮಿಕ್ಕಿತು. ಅದನ್ನು ಯಾರಿಗೂ ಕಾಣದ ಹಾಗೆ ಜೇಬಿಗೆ ಇಳಿಸಿದೆ.

ಭಾನುವಾರ ಬೆಳಿಗ್ಗೆ ಗಾಡಿ ಪೂಜೆ. ಬಾನೆಟ್ಟಿಗೆ ಹಾರ, ಕುಂಕುಮ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು.

"ನಿಂಬೆಹಣ್ಣು ಒಡೆದ್ರೆ ಕೂರ್ತೀನಿ," ಎಂದಳು ವರಲಕ್ಷ್ಮಿ. "ಇಲ್ಲಾಂದ್ರೆ ಮೆಟ್ರೋ. ಕೆಂಗೇರೀಲಿ ಅಣ್ಣ ಊಟಕ್ಕೆ ಕಾಯ್ತಿರ್ತಾನೆ."

ಮೊಮ್ಮಗಳು ದಿವ್ಯ ವಿಡಿಯೋ ಹಿಡಿದಳು. ನಾನು ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯಂತೆ ಕೂತು, ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಬಹಳ ಗಾಂಭೀರ್ಯದಿಂದ ಒಂದು ಮೊಳ ಹಿಂದಕ್ಕೆ ಹೋಯಿತು.

"ತಾತಾ, ನಿಂಬೆಹಣ್ಣು ಮುಂದಿದೆ."

"ಗೊತ್ತು ಕಣೇ. ಜಿಗಿಯೋನು ನಾಲ್ಕು ಹೆಜ್ಜೆ ಹಿಂದೆ ಹೋಗಲ್ವಾ?"

ಸೆಕೆಂಡ್ ಹಾಕಿದೆ, ಗೊರ್ ಎಂದಿತು. ಮತ್ತೆ ಫಸ್ಟ್. ಇನ್ನೊಂದು ಗೇಣು ಹಿಂದಕ್ಕೆ!

ಉಗ್ರಪ್ಪ ಬಗ್ಗಿ ನೋಡಿದ. "ಸಾರ್, ಗೇರ್ ರಾಡ್ ಉಲ್ಟಾ ಕೂರ್ಸಿದೀರ. ಒಂದು ಬೋಲ್ಟ್ ಬೇರೆ ಇಲ್ಲ."

ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಇಡೀ ಬೀದಿ ನಕ್ಕಿತು.

ವರಲಕ್ಷ್ಮಿ ನಗಲಿಲ್ಲ. ಬಗ್ಗಿ ನಾಲ್ಕೂ ನಿಂಬೆಹಣ್ಣನ್ನು ಸೆರಗಿಗೆ ಹಾಕಿಕೊಂಡಳು. ಅಲ್ಲಿಗೆ ನನ್ನ ಮಾತು ಚಿತ್ರಾನ್ನವಾಯಿತು ಅಂದುಕೊಂಡೆ. ಅವಳು ಗಾಡಿ ಸುತ್ತಿ ಬಂದು, ಒಂದೊಂದು ಹಣ್ಣನ್ನೂ ಒಂದೊಂದು ಚಕ್ರದ ಹಿಂದೆ ಇಟ್ಟಳು.

"ಇದೇನೇ?"

"ಗಾಡಿ ಹೋಗೋ ಕಡೆ ತಾನೇ ಇಡೋದು? ಬಿಡಿ ಕ್ಲಚ್ಚು."

ಪಟಪಟನೆ ನಾಲ್ಕೂ ಒಡೆದವು.

ಉಗ್ರಪ್ಪ ಬೋಲ್ಟಿಗೆ ಕೈಚಾಚಿದ. "ಕೊಡಿ ಸಾರ್, ಊಟದ ಹೊತ್ಗೆ ಕೆಂಗೇರೀಲಿ ಇರ್ತೀರ."

ವರಲಕ್ಷ್ಮಿ ಆಡಿದ ಮಾತಿನಂತೆ ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು. ನನಗೆ ಹೋದ ಗತ್ತು ಅರ್ಧ ವಾಪಸು ಬಂತು. "ಸದ್ಯಕ್ಕೆ ಗಾಡಿ ಹಿಂದಕ್ಕೆ ಎಷ್ಟು ದೂರ ಬೇಕಾದ್ರೂ ಹೋಗುತ್ತೆ. ಎಲ್ಲಿಗೆ ಹೋಗೋಣ ಹೇಳು."

"ನೀವು ಹೆಣ್ಣು ನೋಡೋಕೆ ಬಂದಿದ್ರಲ್ಲ, ಆ ದಿನಕ್ಕೆ ಹೋಗಿ. ಈ ಸಲ ಸ್ವಲ್ಪ ಯೋಚ್ನೆ ಮಾಡಿ ಹೇಳ್ತೀನಿ."

ಹಾಗೆಂದವಳು ಸೀಟ್ ಬೆಲ್ಟ್ ಎಳೆದು ಹಾಕಿಕೊಂಡಳು.