ರೂಟರಿಗೆ ಗಾಳಿ ಬೀಸಿದ ಭಾನುವಾರ

ನಾನು ಬಾಯಿ ತೆರೆದ ಭಂಗಿಯಲ್ಲಿ ನಾಲ್ಕು ನಿಮಿಷ ಹೆಪ್ಪುಗಟ್ಟಿದ್ದೆ. ಕಚೇರಿಯ ಆನ್‌ಲೈನ್ ಮೀಟಿಂಗು ನಡೆಯುತ್ತಿತ್ತು. ನನಗೊಂದು ಆಕಳಿಕೆ ಬಂತು. ಆಕಳಿಕೆ ಮುಗಿಯುವುದಕ್ಕೆ ಮೊದಲೇ ನಮ್ಮ ಮನೆಯ ನೆಟ್ಟು ಮುಗಿಯಿತು. ಇತ್ತ ನಾನು ಬಾಯಿ ಮುಚ್ಚಿ, ನೀರು ಕುಡಿದು, "ಕೇಳಿಸ್ತಾ ಇದೆಯಾ?" ಎಂದು ಹನ್ನೊಂದು ಸಲ ಕೇಳಿದೆ. ಅತ್ತ ಇಪ್ಪತ್ತಾರು ಸಹೋದ್ಯೋಗಿಗಳ ಪರದೆಯ ಮೇಲೆ ನಾನು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು, ಬಾಯನ್ನು ಪೂರ್ತಿ ತೆರೆದುಕೊಂಡೇ ಇದ್ದೆ. ಆ ಹೊತ್ತಿಗೆ ಮ್ಯಾನೇಜರು ನನ್ನ ವಿಭಾಗದ ಚುರುಕುತನದ ಬಗ್ಗೆ ಮಾತಾಡುತ್ತಿದ್ದರಂತೆ. ಮರುದಿನದಿಂದ ಆ ಚಿತ್ರವೇ ಕಚೇರಿ ಗ್ರೂಪಿನ ಮುಖಚಿತ್ರವಾಯಿತು.

ಅಂದೇ ನಾನು ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ: ಇನ್ನು ಮುಂದೆ ಈ ಮನೆಯ ರೂಟರಿನ ಸೃಷ್ಟಿ, ಸ್ಥಿತಿ, ಲಯ ಮೂರೂ ನನ್ನವು. ಕೇಬಲ್ಲಿನವನ ಹಂಗು ಸಾಕು. ಅವನು ಬರುವುದು, ಸ್ವಿಚ್ಚು ಆರಿಸಿ ಹಾಕುವುದು, "ಈಗ ನೋಡಿ ಸಾರ್" ಎಂದು ಹೋಗುವುದು, ಅವನು ಗೇಟು ದಾಟುವಷ್ಟರಲ್ಲಿ ನೆಟ್ಟೂ ಅವನ ಹಿಂದೆಯೇ ಹೊರಡುವುದು. ಇಷ್ಟನ್ನು ಮಾಡಲು ನನಗೆ ಬಾರದೇ? ಕಾನ್ವೆಂಟಿನಲ್ಲಿ ಓದಿದವನು ನಾನು!

ನನ್ನ ಹೆಂಡತಿ ಪೇಪರು ಮಡಚುತ್ತಿದ್ದವಳು ತಲೆಯೆತ್ತಲಿಲ್ಲ. "ಮುಂದಿನ ಭಾನುವಾರ ಕಳೀಲಿ ರೀ. ಅಲ್ಲೀತನಕ ಅದರ ಹತ್ತಿರ ಹೋಗಬೇಡಿ."

ಮುಂದಿನ ಭಾನುವಾರದ ವಿಷಯ ಹೇಳಬೇಕು. ನನ್ನ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಗಣಿತದ ಟೀಚರು. ಇಪ್ಪತ್ತೆರಡು ವರ್ಷಗಳಿಂದ ಕಾಗದ ಮಡಚಿ ಮಡಚಿಯೇ ಮಕ್ಕಳಿಗೆ ಭಿನ್ನರಾಶಿ ಕಲಿಸುತ್ತ ಬಂದಿದ್ದಾಳೆ. ಅವಳ ತರಗತಿಯ ನಾಲ್ಕು ಗೋಡೆ ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಈಗ ಶಿಕ್ಷಕರ ಸಂಘದವರಿಗೆ ಹೇಗೋ ತಿಳಿದು, ಮುನ್ನೂರು ಟೀಚರುಗಳಿಗೆ ಆನ್‌ಲೈನಿನಲ್ಲಿ ಒಂದು ಗಂಟೆ ಪಾಠ ಮಾಡಿ ತೋರಿಸಿ ಎಂದು ಕೇಳಿದ್ದರು. ಭಾನುವಾರ ಸಂಜೆ ನಾಲ್ಕಕ್ಕೆ. ಹದಿನೈದು ದಿನಗಳಿಂದ ನಮ್ಮ ಮನೆಯ ತುಂಬ ಅರ್ಧಗಳು, ಕಾಲುಗಳು, ಎಂಟನೇ ಒಂದುಗಳು ಹಾರಾಡುತ್ತಿದ್ದವು. ಅವಳು ತನ್ನ ತಾಯಿಯ ಮುಂದೆ ಮೂರು ಸಲ ರಿಹರ್ಸಲ್ ಮಾಡಿದ್ದಳು. ನಮ್ಮ ಅತ್ತೆ ಅದರಲ್ಲಿ ಎರಡು ಸಲ ನಿದ್ದೆ ಹೋಗಿದ್ದರು. ಮೂರನೆಯ ಸಲ ಎಚ್ಚರವಿದ್ದು, "ಇದು ನನಗೇ ಅರ್ಥ ಆಯ್ತು ಕಣೇ" ಅಂದಾಗ ಇವಳ ಕಣ್ಣು ಒದ್ದೆಯಾಗಿದ್ದನ್ನು ನಾನು ಬಾಗಿಲ ಸಂದಿನಿಂದ ನೋಡಿದ್ದೆ.

ಈಗ ಹೇಳಿ. ನಾನು ಬಾಯಿ ತೆರೆದು ಹೆಪ್ಪುಗಟ್ಟಿದರೆ ಲೋಕಕ್ಕೇನೂ ನಷ್ಟವಿಲ್ಲ. ಇವಳು ಕಾಗದವನ್ನು ಕಾಲುಭಾಗ ಮಡಚಿ ಅಲ್ಲಿಗೇ ನಿಂತುಬಿಟ್ಟರೆ? ಮುನ್ನೂರು ಟೀಚರುಗಳು ಮುಕ್ಕಾಲು ಗಣಿತವಿಲ್ಲದೆ ಮನೆಗೆ ಹೋಗುವುದೇ? ನೆಟ್ಟನ್ನು ನೆಟ್ಟಗೆ ಮಾಡಲೇಬೇಕಿತ್ತು. ಅವಳಿಗೆ ಹೇಳದೆ ಮಾಡಬೇಕಿತ್ತು, ಅಷ್ಟೇ.

ಮೊದಲು ರೋಗದ ಮೂಲ ಹುಡುಕಿದೆ. ಅನುಮಾನ ಪಕ್ಕದ ಮನೆಯ ಹಲ್ಲಿನ ಡಾಕ್ಟರ ಮೇಲೆ ಹೋಯಿತು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಅತ್ತೆಯ ಕೋಣೆಯದು. ಮನೆಯ ಮುಂಭಾಗದಲ್ಲೇ ಅವರ ಕ್ಲಿನಿಕ್ಕು. ಕಾಯುತ್ತ ಕೂತ ರೋಗಿಗಳೆಲ್ಲ ನನ್ನ ನೆಟ್ಟನ್ನೇ ಜಗಿಯುತ್ತಿದ್ದರೆ ನಾನು ಹೆಪ್ಪುಗಟ್ಟದೆ ಇನ್ನೇನಾಗಬೇಕು? ಬೆಳಿಗ್ಗೆ ಗೇಟಿನ ಬಳಿ ಡಾಕ್ಟರು ಸಿಕ್ಕಾಗ, ಏನೂ ಗೊತ್ತಿಲ್ಲದವನಂತೆ ನೆಟ್ಟಿನ ಮಾತು ತೆಗೆದೆ. ಅವರು ನಿಟ್ಟುಸಿರುಬಿಟ್ಟರು. "ನಮ್ಮದೂ ಅಷ್ಟೇ ಸಾರ್. ಮಧ್ಯಾಹ್ನದ ಮೇಲೆ ಯಾಕೋ ತೆವಳೋಕೆ ಶುರುಮಾಡುತ್ತೆ. ಯಾರೋ ಎಳೀತಾ ಇದ್ದಾರೆ ಅನಿಸುತ್ತೆ."

ಎಂಥ ನಟನೆ! ಹಲ್ಲು ಕೀಳುವವರಿಗೆ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ ಇರುವ ಅಭ್ಯಾಸ ಇರುತ್ತದೆ. ಅವರು ರೂಟ್ ಕೆನಾಲ್ ಮಾಡುವವರಾದರೆ ನಾನು ರೂಟರ್ ಕೆನಾಲ್ ಮಾಡುತ್ತೇನೆ ಎಂದುಕೊಂಡು ಒಳಗೆ ಬಂದೆ.

ಶನಿವಾರ ಹೆಂಡತಿ ಶಾಲೆಗೆ ಹೋದ ಮೇಲೆ ಶಸ್ತ್ರಕ್ರಿಯೆ ಶುರುವಾಯಿತು. ರೂಟರಿನೊಳಗೆ ಹೋಗಲು ಒಂದು ಗುಪ್ತದ್ವಾರವಿದೆ. ಅಲ್ಲಿ ಹೋಗಿ ನಮಗೆ ಬೇಕಾದ ಯಂತ್ರಗಳ ಪಟ್ಟಿ ಕೊಟ್ಟರೆ ಅವನ್ನು ಬಿಟ್ಟು ಬೇರೆ ಯಾರನ್ನೂ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಓದಿಕೊಂಡಿದ್ದೆ. ಪ್ರತಿ ಯಂತ್ರಕ್ಕೂ ಹುಟ್ಟುವಾಗಲೇ ಹನ್ನೆರಡು ಅಕ್ಷರದ ಒಂದು ಗುರುತು ಬಂದಿರುತ್ತದೆ. ಅದನ್ನು ಹುಡುಕಿ ಹುಡುಕಿ ಬರೆದೆ. ಮೊದಲು ಹೆಂಡತಿಯ ಲ್ಯಾಪ್‌ಟಾಪು. ಆಮೇಲೆ ಅವಳು ಅಂದು ಮನೆಯಲ್ಲೇ ಮರೆತುಹೋಗಿದ್ದ ಫೋನು. ನನ್ನ ಫೋನು. ಅತ್ತೆ ದಿನವಿಡೀ ಹೆಣಿಗೆಯ ವೀಡಿಯೋ ನೋಡುವ ಟ್ಯಾಬಿನದು ಡಬ್ಬದ ಮೇಲೆ ಅಚ್ಚಾಗಿತ್ತು, ಅದನ್ನೂ ಬರೆದೆ. ಅಳಿಯನ ಕರ್ತವ್ಯ. ನಾಲ್ಕು ಗುರುತು ಬರೆಯುವುದಕ್ಕೆ ಎರಡು ಗಂಟೆ ಹಿಡಿಯಿತು. ಸೊನ್ನೆ ಯಾವುದು, ಇಂಗ್ಲಿಷಿನ ಓ ಯಾವುದು, ಎಂಟು ಯಾವುದು, ಬಿ ಯಾವುದು ಎಂದು ಭೂತಗನ್ನಡಿ ಹಿಡಿದು ನೋಡಿ ಬರೆದ ಪಟ್ಟಿ ಅದು. ನನ್ನ ಮದುವೆಗೆ ಕರೆಯಬೇಕಾದವರ ಪಟ್ಟಿಯನ್ನೂ ನಾನು ಅಷ್ಟು ಶ್ರದ್ಧೆಯಿಂದ ಮಾಡಿರಲಿಲ್ಲ.

ಕೊನೆಯಲ್ಲಿ ರೂಟರು ಏನೋ ಒಂದು ಪ್ರಶ್ನೆ ಕೇಳಿತು. ನಾನು "ಸರಿ" ಅಂದೆ. ಸ್ವಿಚ್ಚು ಆರಿಸಿ ಹಾಕಿದ ಮೇಲೆ ಹೊಸ ವ್ಯವಸ್ಥೆ ಜಾರಿಗೆ ಬರುತ್ತದೆ ಎಂದಿತು. ಅದನ್ನು ಭಾನುವಾರಕ್ಕೇ ಇಟ್ಟುಕೊಂಡೆ. ಪಾಠಕ್ಕೆ ಅರ್ಧ ಗಂಟೆ ಮುಂಚೆ, ಮದುಮಗನಿಗೆ ಸ್ನಾನ ಮಾಡಿಸಿದ ಹಾಗೆ, ಫ್ರೆಶ್ ಆಗಿ ಕೂರಿಸೋಣ ಎಂದು.

ಭಾನುವಾರ ಮೂರೂವರೆಗೆ ಸ್ವಿಚ್ಚು ಆರಿಸಿ ಹಾಕಿದೆ. ದೀಪಗಳು ಹಸಿರಾಗಿ ಬೆಳಗಿದವು. ನಾನು ಹೆಂಡತಿಯ ಕಡೆ ನೋಡಿ ಮುಗುಳ್ನಕ್ಕೆ. ಅವಳು ಲ್ಯಾಪ್‌ಟಾಪಿನ ಕಡೆ ನೋಡಿ ನಗಲಿಲ್ಲ.

"ರೀ, ನೆಟ್ ಹೋಗಿದೆ."

ಅವಳ ಫೋನಿನಲ್ಲೂ ಇಲ್ಲ. ನನ್ನ ಫೋನಿನಲ್ಲೂ ಇಲ್ಲ. ರೂಟರಿನ ಮೈಮೇಲೆ ಹಸಿರು ದೀಪ ಉರಿಯುತ್ತಿದೆ, ನೆಟ್ಟು ಇದೆ, ನಮಗೆ ಮಾತ್ರ ಕೊಡುತ್ತಿಲ್ಲ! ಗುಪ್ತದ್ವಾರದಿಂದ ಒಳಗೆ ಹೋಗೋಣವೆಂದರೆ ಅದೂ ನನ್ನನ್ನು ಹೊರಗೇ ನಿಲ್ಲಿಸಿತು. ಆಗ ಹೊಳೆಯಿತು, ನಿನ್ನೆ ರೂಟರು ಕೇಳಿದ ಪ್ರಶ್ನೆ ಏನೆಂದು. "ಈ ಪಟ್ಟಿಯಲ್ಲಿರುವವನ್ನು ತಡೆಯಲೇ?" ಎಂದು ಕೇಳಿತ್ತು. ನಾನು "ಸರಿ" ಅಂದಿದ್ದೆ. ಭೂತಗನ್ನಡಿ ಹಿಡಿದು, ಸೊನ್ನೆಯನ್ನೂ ಓ-ವನ್ನೂ ಬೇರ್ಪಡಿಸಿ, ಎರಡು ಗಂಟೆ ಕೂತು ನನ್ನ ಸಂಸಾರವನ್ನೇ ಹೆಸರು ಹಿಡಿದು ಮನೆಯಿಂದ ಹೊರಗೆ ಹಾಕಿದ್ದೆ. ಊರಿನ ಮಿಕ್ಕೆಲ್ಲರಿಗೂ ನಮ್ಮ ರೂಟರಿನಲ್ಲಿ ಸುಸ್ವಾಗತ. ಉತ್ತರ ಬರೆಯುವ ಮೊದಲು ಪ್ರಶ್ನೆಯನ್ನು ಎರಡು ಸಲ ಓದು ಎಂದು ನಾಲ್ಕನೇ ಕ್ಲಾಸಿನಲ್ಲಿ ಸಿಸ್ಟರ್ ನನ್ನ ಗೆಣ್ಣಿನ ಮೇಲೆ ಸ್ಕೇಲಿನಿಂದ ಬರೆದೇ ಹೇಳಿದ್ದರು.

"ಏನಾದ್ರೂ ಮುಟ್ಟಿದ್ರಾ?" ಎಂದು ಹೆಂಡತಿ ಕೇಳಿದಳು. ಬಹಳ ಮೆಲ್ಲಗೆ ಕೇಳಿದಳು. ಅದೇ ಭಯ.

"ಒಂಚೂರು ಒರೆಸಿದೆ," ಅಂದೆ.

ಸಮಯ ಮೂರು ನಲವತ್ತು. ರೂಟರಿನ ಬೆನ್ನಿನಲ್ಲಿ ಒಂದು ಸಣ್ಣ ತೂತು. ಅದರೊಳಗೆ ಪಿನ್ನು ಚುಚ್ಚಿದರೆ ಅದು ಎಲ್ಲವನ್ನೂ ಮರೆಯುತ್ತದೆಂದು ಕೇಳಿದ್ದೆ. ಮರೆಯಲಿ, ನನ್ನ ಪಾಪವನ್ನೂ ಮರೆಯಲಿ ಎಂದು ಹೆಂಡತಿಯ ಸೆರಗಿನ ಪಿನ್ನನ್ನೇ ಬೇಡಿ ತಂದು ಚುಚ್ಚಿದೆ. ಹಸಿರು ದೀಪಗಳು ಒಂದೊಂದಾಗಿ ಆರಿದವು. ಆಮೇಲೆ ಒಂದು ದೀಪ ಕೆಂಪಗೆ ಹೊತ್ತಿಕೊಂಡು ನನ್ನನ್ನೇ ದುರುಗುಟ್ಟಿ ನೋಡತೊಡಗಿತು.

ನಮ್ಮ ಮನೆಯಲ್ಲಿ ಫೋನಿನ ಸಿಗ್ನಲ್ಲು ಸಿಗುವುದು ಸ್ನಾನದ ಮನೆಯ ಕಿಟಕಿಯ ಬಳಿ ಮಾತ್ರ. ಅದೂ ಬಕೆಟ್ಟು ಬೋರಲು ಹಾಕಿ ಮೇಲೆ ಹತ್ತಿದರೆ. ಹತ್ತಿ ಕೇಬಲ್ಲಿನವನಿಗೆ ಫೋನು ಮಾಡಿದೆ. ಅವನು ಎಲ್ಲವನ್ನೂ ಕೇಳಿ, ಒಂದೇ ಮಾತು ಕೇಳಿದ: "ಸಾರ್, ಹಿಂದಿನ ತೂತಿಗೆ ಏನೂ ಚುಚ್ಚಿಲ್ಲ ತಾನೆ?"

"ಒಂದು ಪಿನ್ನು," ಅಂದೆ. ರೂಟರು ನಮ್ಮ ಅಕೌಂಟಿನ ಹೆಸರನ್ನೂ ಮರೆತಿದೆ, ಅದನ್ನು ಆಫೀಸಿನವರೇ ಕೊಡಬೇಕು, ಆಫೀಸು ತೆರೆಯುವುದು ಸೋಮವಾರ ಎಂದು ಸಮಾಧಾನವಾಗಿ ವಿವರಿಸಿದ.

ಹೊರಗೆ ಬಂದರೆ ಹೆಂಡತಿ ಊಟದ ಮೇಜಿನ ಮುಂದೆ ಕೂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಬಣ್ಣದ ಕಾಗದಗಳು ಸಾಲಾಗಿ. ಬೈಯಲಿಲ್ಲ. "ಬಕೆಟ್ ಮೇಲೆ ನಿಂತ್ಕೊಂಡು ಮಾಡಲಾ ರೀ? ಒಂದು ಕೈಲಿ ಫೋನ್ ಹಿಡ್ಕೊಂಡರೆ ಮಡಚೋಕಾಗಲ್ಲ," ಎಂದು ನಿಜವಾಗಿಯೂ ಕೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಯಿ ತೆರೆದು ಹೆಪ್ಪುಗಟ್ಟುವುದು ಈಗ ನೆಟ್ಟಿನ ಸಹಾಯವಿಲ್ಲದೆಯೇ ಆಯಿತು.

ಆಗ ಅತ್ತೆಯ ಕೋಣೆಯಿಂದ ಒಂದು ದನಿ ಕೇಳಿಸಿತು. "ಈಗ ಎರಡು ಕುಣಿಕೆ ಬಿಟ್ಟು ಮೂರನೆಯದಕ್ಕೆ ಸೂಜಿ ಹಾಕಿ..."

ಇಬ್ಬರೂ ಓಡಿದೆವು. ಅತ್ತೆ ಮಂಚದ ಮೇಲೆ ಕೂತು, ಟ್ಯಾಬನ್ನು ದಿಂಬಿಗೆ ಒರಗಿಸಿ, ನೆಮ್ಮದಿಯಾಗಿ ಟೋಪಿ ಹೆಣೆಯುತ್ತಿದ್ದರು. ಪರದೆಯ ಮೇಲೆ ಹೆಣಿಗೆಯ ಹೆಂಗಸು ನೀರಿನಂತೆ ಹರಿಯುತ್ತಿದ್ದಳು!

ನಾನು ಎದೆ ಮುಟ್ಟಿಕೊಂಡೆ. ಪಿನ್ನು ಕೆಲಸ ಮಾಡಿತ್ತು! ಕೇಬಲ್ಲಿನವನಿಗೇನು ಗೊತ್ತು! ಟ್ಯಾಬನ್ನು ಎತ್ತಿಕೊಂಡು ಊಟದ ಮೇಜಿಗೆ ಹೊರಟರೆ ಅತ್ತೆ ತಡೆದರು. "ಆ ಕಡೆ ತಗೊಂಡು ಹೋದರೆ ಅದು ಗಿರಗಿರ ಸುತ್ತುತ್ತೆ. ಈ ಗೋಡೆ ಹತ್ತಿರಾನೇ ಇರಲಿ." ನಾನು ಒಪ್ಪಿ ತಲೆದೂಗಿದೆ. ಅಂಟೆನಾದ ದಿಕ್ಕು ಹಾಗಿರಬೇಕು, ನಿನ್ನೆ ನಾನೇ ಅಲ್ಲವೇ ತಿರುಗಿಸಿದ್ದು?

ಎರಡು ನಿಮಿಷದಲ್ಲಿ ಅತ್ತೆಯ ಕೋಣೆ ತರಗತಿಯಾಯಿತು. ಹಿಟ್ಟಿನ ಡಬ್ಬದ ಮೇಲೆ ಉಣ್ಣೆಯ ಬುಟ್ಟಿ, ಬುಟ್ಟಿಯ ಮೇಲೆ ಟ್ಯಾಬು. ಸರಿಯಾಗಿ ನಾಲ್ಕಕ್ಕೆ ಹೆಂಡತಿ ನಮಸ್ಕಾರ ಅಂದಳು. ಮುನ್ನೂರು ಜನ ನಮಸ್ಕಾರ ಅಂದರು.

ನಾನು ಹಾಲಿಗೆ ಓಡಿ ರೂಟರಿನ ಮುಂದೆ ಕಾವಲು ನಿಂತೆ. ಕೆಂಪು ದೀಪ ಉರಿಯುತ್ತಲೇ ಇತ್ತು. ಕೋಪದಲ್ಲೂ ಕರ್ತವ್ಯ ಮರೆಯದ ಯಂತ್ರ! ಮುಟ್ಟಿ ನೋಡಿದರೆ ಮೈ ಬೆಚ್ಚಗಿತ್ತು. ಮುನ್ನೂರು ಜನರ ಭಾರ ಹೊತ್ತರೆ ಇನ್ನೇನಾಗುತ್ತದೆ ಎಂದು ಪತ್ರಿಕೆ ಮಡಚಿ ಗಾಳಿ ಬೀಸತೊಡಗಿದೆ. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಬಲಗೈ. ಒಂದು ಸೊಳ್ಳೆಯನ್ನೂ ಹತ್ತಿರ ಸುಳಿಯಗೊಡಲಿಲ್ಲ. ಒಳಗಿನಿಂದ ಅವಳ ದನಿ ತಡೆಯಿಲ್ಲದೆ ಬರುತ್ತಿತ್ತು. ಅರ್ಧದ ಅರ್ಧ ಕಾಲು, ಕಾಲಿನ ಅರ್ಧ ಎಷ್ಟು ಹೇಳಿ ನೋಡೋಣ. ಆ ಕಡೆಯಿಂದ ಯಾರೋ ನಕ್ಕರು, ಯಾರೋ ಮತ್ತೊಮ್ಮೆ ತೋರಿಸಿ ಅಂದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೆಂಡತಿ ಪಾಠ ಮಾಡುವುದನ್ನು ನಾನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ತೋಳು ಬಿದ್ದುಹೋಗುವಷ್ಟು ನೋಯುತ್ತಿದ್ದರೂ ಬೀಸುವುದನ್ನು ನಿಲ್ಲಿಸಬೇಕೆನಿಸಲಿಲ್ಲ.

ಐದಕ್ಕೆ ಚಪ್ಪಾಳೆ. ಹೆಂಡತಿ ಹೊರಗೆ ಬಂದಳು. ಮುಖ ಕೆಂಪಾಗಿತ್ತು, ರೂಟರಿನ ಹಾಗಲ್ಲ, ಸಂತೋಷದಿಂದ. ಮುಂದಿನ ತಿಂಗಳು ಮತ್ತೆ ಮಾಡಬೇಕಂತೆ. ನನ್ನ ಬೆವರಿದ ಅಂಗಿ, ಚಿಂದಿಯಾದ ಪತ್ರಿಕೆ ನೋಡಿ, "ಅಷ್ಟು ಹೊತ್ತೂ ಇಲ್ಲೇ ನಿಂತಿದ್ರಾ?" ಎಂದು ಸೆರಗಿನಿಂದ ನನ್ನ ಹಣೆ ಒರೆಸಿದಳು. ನಾನು ತಪ್ಪನ್ನೆಲ್ಲ ಒಪ್ಪಿಕೊಂಡೆ. ಪಟ್ಟಿ, ಪ್ರಶ್ನೆ, ಪಿನ್ನು, ಎಲ್ಲ. ಒಪ್ಪಿಕೊಂಡ ಮೇಲೆ, ಕೊನೆಗೂ ಸರಿಮಾಡಿದವನು ನಾನೇ ಎಂಬುದನ್ನೂ ವಿನಯದಿಂದ ಸೇರಿಸಿದೆ. ಸಾಕ್ಷಿಗೆ ಅತ್ತೆಯ ಹತ್ತಿರ ಹೋದೆ.

"ಅತ್ತೆ, ನೀವೇ ಹೇಳಿಬಿಡಿ. ಮೂರೂವರೆಗೆ ಮನೇಲಿ ಯಾವುದೂ ನಡೀತಿರಲಿಲ್ಲ. ನಾನು ಪಿನ್ನು ಚುಚ್ಚಿದ ಮೇಲೆ ತಾನೆ ನಿಮ್ಮ ಟ್ಯಾಬು ಸರಿಹೋಗಿದ್ದು?"

ಅತ್ತೆ ಕುಣಿಕೆ ಎಣಿಸಿ ಮುಗಿಸಿದರು. ಆಮೇಲೆ ನನ್ನನ್ನು ಬಹಳ ಅಕ್ಕರೆಯಿಂದ ನೋಡಿದರು.

"ಇದು ಪಕ್ಕದ ಮನೆ ಡಾಕ್ಟರ ನೆಟ್ ಅಲ್ವಾ. ಹಲ್ಲು ಕಟ್ಟಿಸ್ಕೊಳ್ಳೋಕೆ ಹೋಗಿದ್ದಾಗ, ಕೂತು ಬೇಜಾರಾಗುತ್ತೆ ಅಂತ ಅವರ ಹೆಂಡತಿ ಹಾಕ್ಕೊಟ್ಟಿದ್ದು. ಮೂರು ವರ್ಷ ಆಯ್ತು. ನಿಮ್ಮದು ಸರಿಹೋದ ದಿನ ಬದಲಾಯಿಸ್ಕೊಳ್ಳೋಣ ಅಂತ ಕಾಯ್ತಾ ಇದ್ದೀನಿ."