ಡಾಕ್ಟರಮ್ಮನ ಬಿಳಿ ಕೋಟು

ಹಿಪ್ಪುನೇರಳೆ ಹಣ್ಣಿನ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದ್ದರೆ ಅವತ್ತು ಗರಿಗರಿ ಅಣ್ಣನಿಗೆ ಆ ಪಾಡು ಬರುತ್ತಿರಲಿಲ್ಲ.

ಬೀದಿ ಮೂಲೆಯ ಲಾಂಡ್ರಿ ಅವನದು. ಅವನು ಇಸ್ತ್ರಿ ಮಾಡಿದ ಅಂಗಿ ಹೊಸ ನೋಟಿನಂತೆ ಸದ್ದು ಮಾಡುತ್ತಿದ್ದುದರಿಂದ ಊರಿಗೆಲ್ಲ ಅವನು ಗರಿಗರಿ ಅಣ್ಣ. ಈಚೆಗೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿದೆ ಎಂದು ಗೊತ್ತಾದದ್ದೇ ತಡ, ಹೆಂಡತಿ ಮನೆಯ ಸಿಹಿಯನ್ನೆಲ್ಲ ಗಡೀಪಾರು ಮಾಡಿದ್ದಳು. ಅವತ್ತು ಬೆಳಿಗ್ಗೆ ಕೈಗೆ ಹಣ್ಣಿನ ಡಬ್ಬಿ ತುರುಕಿದಳು.

"ಈ ಕಪ್ಪು ಬಣ್ಣದಲ್ಲೇ ಗುಣ ಇರೋದಂತೆ ಕಣ್ರೀ. ಸಕ್ಕರೆಗೂ ಒಳ್ಳೇದು, ಎದೆಗೂ ಒಳ್ಳೇದು. ಸಂಜೆ ಡಬ್ಬಿ ಖಾಲಿ ಬರ್ಬೇಕು!"

ಡಬ್ಬಿಯೇನೋ ಖಾಲಿಯಾಯಿತು. ಆದರೆ ಹಣ್ಣು ಹೊಟ್ಟೆಗೆ ಹೋಗಲಿಲ್ಲ, ಮೇಜಿನ ಮೇಲೆ ಹರಡಿದ್ದ ಬಿಳಿ ಕೋಟಿನ ಮೇಲೆ ಸುರಿಯಿತು.

ಅದು ಅಂತಿಂಥ ಕೋಟಲ್ಲ. ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರಮ್ಮನದು. ಸಂಜೆ ಸಭಾಂಗಣದಲ್ಲಿ ಅವರ ಭಾಷಣ. ಆಸ್ಪತ್ರೆಯ ಬಟ್ಟೆಯೆಲ್ಲ ಅಣ್ಣನ ಅಂಗಡಿಗೆ ಬರುತ್ತಿದ್ದುದೇ ಅವರ ಒಂದು ಮಾತಿನಿಂದ. ಅವರು ಮುನಿದರೆ ಅಂಗಡಿಗೆ ಬೀಗ.

ಊರಿನವರ ಕಲೆಗಳಿಗೆಲ್ಲ ತಣ್ಣಗೆ ಮದ್ದು ಮಾಡುತ್ತಿದ್ದವನಿಗೆ ತನ್ನದೇ ಕೈಯಿಂದಾದ ಕಲೆ ಕಂಡು ತಲೆಯೇ ಓಡಲಿಲ್ಲ. ಅಷ್ಟರಲ್ಲಿ ಎದುರಿನ ಕ್ಷೌರದಂಗಡಿಯವನು ಬ್ರಷ್ ಹಿಡಿದೇ ಓಡಿಬಂದ.

"ಅಯ್ಯೋ ಅಣ್ಣಾ, ಕೊಲೆ ಗಿಲೆ ಆಯ್ತಾ?"

"ಮೆಲ್ಲಗೆ ಮಾತಾಡೋ ಮಾರಾಯ! ಹಣ್ಣಿನ ಕಲೆ ಅದು."

"ಇಷ್ಟೇನಾ? ನನ್ನ ಶೇವಿಂಗ್ ನೊರೆ ಹಚ್ಚು, ಮಾಯ!"

ಹಚ್ಚಿದರು. ನೇರಳೆ ಕಲೆ ನೀಲಿಯಾಯಿತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಬುದ್ಧಿ ಇಲ್ವೇನಯ್ಯಾ? ಕಲೆಗೆ ನಿಂಬೆಹುಳಿ ಹಾಕ್ಬೇಕು." ಅಣ್ಣ ಬೇಡ ಎನ್ನುವಷ್ಟರಲ್ಲಿ ಹಿಂಡಿಯೇಬಿಟ್ಟರು. ರಸ ಬಿದ್ದಲ್ಲೆಲ್ಲ ಗುಲಾಬಿ ಬಣ್ಣ ಎದ್ದಿತು. ಕೋಟು ಈಗ ಗೋಸುಂಬೆಗೆ ಪಾಠ ಹೇಳುವಂತಿತ್ತು.

"ಬಣ್ಣ ಬದಲಾಯ್ತಲ್ಲ! ಅಂದ್ರೆ ಕೆಲಸ ಮಾಡ್ತಾ ಇದೆ" ಎಂದರು ಮೇಷ್ಟ್ರು.

ಸಂಜೆಯಾಯಿತು. ಬೇರೆ ದಾರಿಯಿಲ್ಲದೆ ಕೋಟನ್ನು ಮಡಚಿಕೊಂಡು ಅಣ್ಣ ಸಭಾಂಗಣಕ್ಕೆ ನಡೆದ. ಸಲಹೆಗಾರರಿಬ್ಬರೂ ಹಿಂದೆಯೇ ಬಂದರು. ವೇದಿಕೆಯ ಹಿಂದಿನ ಕೋಣೆಯಲ್ಲಿ ಅವನು ಡಾಕ್ಟರಮ್ಮನ ಮುಂದೆ ಕೋಟು ಬಿಡಿಸಿದ.

"ತಪ್ಪಾಯ್ತು ಡಾಕ್ಟರಮ್ಮಾ. ಹಿಪ್ಪುನೇರಳೆ ಹಣ್ಣು ಚೆಲ್ಲಿಬಿಡ್ತು."

ಡಾಕ್ಟರಮ್ಮ ಕೋಟನ್ನು ನೋಡಿದರು, ಅವನನ್ನು ನೋಡಿದರು, ಮತ್ತೆ ಕೋಟನ್ನು ನೋಡಿದರು. ಆಮೇಲೆ ಕೋಣೆ ತುಂಬುವಂತೆ ನಕ್ಕರು. "ನಾನಿವತ್ತು ಮಾತಾಡ್ಬೇಕಾಗಿರೋದೇ ಇಂಥ ಹಣ್ಣಿನ ಬಗ್ಗೆ ಕಣಪ್ಪಾ!" ಎಂದು ಅದನ್ನೇ ತೊಟ್ಟು ವೇದಿಕೆ ಏರಿದರು.

"ನೋಡಿ, ಈ ಬಣ್ಣ ಗಿಡಗಳಲ್ಲಿರೋ ಪಾಲಿಫಿನಾಲ್ ಅನ್ನೋ ಸತ್ವದ ಜಾತಿಗೆ ಸೇರಿದ್ದು. ಹುಳಿ ತಾಗಿದ್ರೆ ಕೆಂಪು, ಸೋಪು ತಾಗಿದ್ರೆ ನೀಲಿ. ರಕ್ತನಾಳ ಸಡಿಲವಾಗಿರೋಕೆ, ಸಕ್ಕರೆ ಹತೋಟಿಗೆ ಇದು ನೆರವಾಗಬಹುದು ಅಂತಾರೆ. ಹಾಗಂತ ಹಣ್ಣು ತಿಂದೆ ಅಂತ ಮಾತ್ರೆ ಬಿಡ್ಬೇಡಿ, ನಡಿಗೆಯಂತೂ ಬಿಡಲೇಬೇಡಿ!"

ಚಪ್ಪಾಳೆಯೋ ಚಪ್ಪಾಳೆ. ಅಣ್ಣನಿಗೆ ಹೋದ ಜೀವ ಬಂದಂತಾಯಿತು. ಸಭೆ ಮುಗಿದ ಮೇಲೆ ಡಾಕ್ಟರಮ್ಮ ಅವನನ್ನೇ ಹುಡುಕಿಕೊಂಡು ಬಂದರು.

"ಎಲ್ಲರಿಗೂ ಎಷ್ಟು ಚೆನ್ನಾಗಿ ಅರ್ಥ ಆಯ್ತು ಗೊತ್ತಾ! ನಾಳೆ ನಮ್ಮ ಆಸ್ಪತ್ರೆಯವರೆಲ್ಲ ಊರು ತುಂಬಾ ಹೋಗಿ ಹೇಳ್ತಾರೆ. ಎಲ್ಲರ ಕೋಟೂ ರಾತ್ರಿನೇ ಕಳಿಸ್ತೀನಿ. ಬೆಳಿಗ್ಗೆ ಹೊತ್ತಿಗೆ ಎಲ್ಲದಕ್ಕೂ ಹೀಗೇ ಕಲೆ ಹಾಕಿಕೊಡ್ಬೇಕು. ಮೂರೂ ಬಣ್ಣ ಬರ್ಬೇಕು."

ಅಣ್ಣ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದೆ ಉಬ್ಬಿಸಿದರು. "ಅದಕ್ಕೇನಂತೆ, ನಾವೇ ಮುಂದೆ ನಿಂತು ಮಾಡಿಸ್ತೀವಿ!"

"ನೊರೆ ನಂದು!" ಎಂದ ಕ್ಷೌರದವನು.

"ಬಹಳ ಸಂತೋಷ." ಡಾಕ್ಟರಮ್ಮ ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು. "ಆಂ, ಇನ್ನೊಂದು ಮಾತು. ನಾಡಿದ್ದು ಎಲ್ಲರಿಗೂ ಡ್ಯೂಟಿ ಇದೆ. ನಾಳೆ ರಾತ್ರಿಯೊಳಗೆ ಅಷ್ಟೂ ಕೋಟನ್ನ ಒಂದು ಚುಕ್ಕೆ ಇಲ್ಲದ ಹಾಗೆ ಬೆಳ್ಳಗೆ ಮಾಡಿ ವಾಪಸ್ ಕೊಟ್ಬಿಡಿ, ಆಯ್ತಾ?"

ಗರಿಗರಿ ಅಣ್ಣ ದಿಕ್ಕು ತೋಚದೆ ಸಲಹೆಗಾರರ ಕಡೆ ತಿರುಗಿದ. ಅವರಿಬ್ಬರೂ ಆಗಲೇ ಬಾಗಿಲು ದಾಟಿ ಬೀದಿಗಿಳಿದು ಓಡುತ್ತಿದ್ದರು.