ಕಂಬದ ಮೇಲಿನ ಅಭಿಪ್ರಾಯ

ದರ್ಜಿಯ ಆ ದಿನ ಕೆಟ್ಟಿದ್ದು ಒಂದು ಲೌಡ್‌ಸ್ಪೀಕರಿನಿಂದ. ಅಂಗಡಿಯ ಎದುರಿನ ಕಂಬಕ್ಕೆ ಅದನ್ನು ಕಟ್ಟಿದ್ದರು. ಅದರ ಬಾಯಿ ನೇರವಾಗಿ ಅವನ ಹೊಲಿಗೆ ಯಂತ್ರದ ಕಡೆಗೇ ತಿರುಗಿತ್ತು. ಬೇಕೆಂದೇ ಹಾಗೆ ತಿರುಗಿಸಿದ್ದಾರೆ ಎಂದು ದರ್ಜಿಯ ಗಟ್ಟಿ ನಂಬಿಕೆ. ಕಟ್ಟಿದವನು ಬೇರೆ ಯಾರೂ ಅಲ್ಲ, ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ಆತನ ಕಸುಬು. ಹಾಗಾಗಿ ಬೀದಿಗೆಲ್ಲ ಆತ ಮೈಕಣ್ಣ.

ಬೀದಿಯ ಕೊನೆಯ ಟಾಕೀಸಿನಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಸಿನಿಮಾ ಹಾಕಿದಾಗಲೆಲ್ಲ ಮ್ಯಾನೇಜರು ಹೊರಬಾಗಿಲಲ್ಲಿ ಮೈಕ್ ಹಿಡಿದು ನಿಲ್ಲುತ್ತಿದ್ದ. ಆಟ ಮುಗಿಸಿ ಬರುವವರ ಅಭಿಪ್ರಾಯವನ್ನು ರೆಕಾರ್ಡ್ ಮಾಡಿಕೊಂಡು, ಅದರಲ್ಲಿ ಚೆನ್ನಾಗಿರುವುದನ್ನು ಆರಿಸಿ ಕಂಬದ ಸ್ಪೀಕರಿನಲ್ಲಿ ಹಾಕಿಸುತ್ತಿದ್ದ. ಪೋಸ್ಟರು ನೋಡಿ ಬರದ ಜನ ಇದನ್ನು ಕೇಳಿ ಬರುತ್ತಿದ್ದರು. ಈ ವಾರದ್ದು ಅಜ್ಜಂದಿರ ಕಾಲದ ಸಾಹಸ ಚಿತ್ರ. ಹಡಗು, ಕತ್ತಿವರಸೆ, ಹರಿದ ನಕ್ಷೆ, ಮಾತಾಡುವ ಗಿಣಿ, ದ್ವೀಪದಲ್ಲಿ ಹೂತಿಟ್ಟ ನಿಧಿ, ಎಲ್ಲ ಇತ್ತು. ಬೆಳಿಗ್ಗೆಯಿಂದ ಕಂಬದ ಮೇಲೆ ಒಂದೇ ಅಭಿಪ್ರಾಯ, ಅದೂ ಮೈಕಣ್ಣನದು.

"ನಾಯಕ ಹಗ್ಗ ಹಿಡಿದು ಆ ಹಡಗಿಂದ ಈ ಹಡಗಿಗೆ ಹಾರ್ತಾನಲ್ಲ, ನನ್ನ ಎದೆಯೂ ಅವನ ಜೊತೆಗೇ ಹಾರಿಹೋಯ್ತು ಸ್ವಾಮೀ!"

ಎಣ್ಣೆ ಬಿಟ್ಟ ಯಂತ್ರದ ಹಾಗೆ ನಯವಾಗಿ ಓಡುವ ದನಿ. ಊಟದ ಡಬ್ಬಿ ತಂದ ದರ್ಜಿಯ ಹೆಂಡತಿ ಅದನ್ನು ಗಂಡನ ಕೈಗೆ ಕೊಡುವುದನ್ನೇ ಮರೆತು ಕಂಬದ ಕೆಳಗೆ ನಿಂತುಬಿಟ್ಟಳು.

"ಎಷ್ಟು ಚೆನ್ನಾಗಿ ಮಾತಾಡ್ತಾರೆ ನಮ್ಮ ಭಾವ," ಎನ್ನುತ್ತ ಒಳಗೆ ಬಂದಳು. "ಅಕ್ಕ ಪುಣ್ಯ ಮಾಡಿದ್ಲು. ನೀವು ಒಂದು ದಿನ ಆದ್ರೂ ಹೀಗೆ ಮಾತಾಡಿದ್ದುಂಟಾ? ನಿಮ್ಮ ಬಾಯಲ್ಲಿ ಯಾವಾಗ ನೋಡಿದ್ರೂ ಗುಂಡುಪಿನ್ನು."

ದರ್ಜಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದಿಟ್ಟ. ಅವನಿಗೆ ಹೊಟ್ಟೆ ಉರಿಯಿತು. ಮದುವೆಯಾದ ದಿನದಿಂದ ಉರಿಯುತ್ತಲೇ ಇತ್ತು; ಇವತ್ತು ಜಾಸ್ತಿ ಉರಿಯಿತು. ಮೈಕಣ್ಣನ ಮನೆ ದೊಡ್ಡದು, ಇರಲಿ. ಮೈಕಣ್ಣನ ತಲೆಯಲ್ಲಿ ಕೂದಲಿದೆ, ಅದೂ ಇರಲಿ. ಆದರೆ ತನ್ನ ಹೆಂಡತಿ ಒಂದೇ ಒಂದು ಸಲ, ತನ್ನ ಮಾತು ಕೇಳಿ ಹಾಗೆ ಡಬ್ಬಿ ಮರೆತು ನಿಲ್ಲಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ಆ ಸಿಟ್ಟಿನಲ್ಲಿ ಡಬ್ಬಿಯ ಊಟವನ್ನು ಅಗಿಯದೆ ನುಂಗಿದ. ಬಿಕ್ಕಳಿಕೆ ಹತ್ತಿಕೊಂಡಿತು.

"ಯಾರೋ ನಿನ್ನ ನೆನೆಸ್ಕೊಳ್ತಿದಾರೆ," ಎಂದ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು. ಅವನ ಅಂಗಡಿಯಲ್ಲಿ ಒಂದು ಗಡಿಯಾರವೂ ಸರಿಯಾಗಿ ನಡೆಯುತ್ತಿರಲಿಲ್ಲ, ಆದರೆ ಬೀದಿಯ ಸುದ್ದಿ ಮಾತ್ರ ಸರಿಯಾದ ಹೊತ್ತಿಗೆ ಮನೆಮನೆಗೆ ತಲುಪುತ್ತಿತ್ತು.

"ನೆನೆಸ್ಕೊಳ್ಳಲಿ... ಹಿಕ್... ಇವತ್ತು ಎಲ್ಲರೂ ನೆನೆಸ್ಕೊಳ್ತಾರೆ," ಎಂದ ದರ್ಜಿ ಹೆಂಡತಿಯ ಕಡೆ ತಿರುಗಿ. "ಸಂಜೆ ಆ ಕಂಬದ ಕೆಳಗೆ ಬಂದು ನಿಂತ್ಕೊ. ನನ್ನ ಅಭಿಪ್ರಾಯ ಬರತ್ತೆ."

"ನಿಮ್ಮದಾ?" ಎಂದು ನಕ್ಕಳು ಹೆಂಡತಿ.

ಅಷ್ಟು ಸಾಕಾಯಿತು. ದರ್ಜಿ ಅರ್ಧ ಹೊಲಿದ ಕೋಟನ್ನು ಯಂತ್ರದ ಮೇಲೇ ಬಿಟ್ಟು ಟಾಕೀಸಿಗೆ ಹೊರಟ. ಅವನು ಟಿಕೆಟ್ ತೆಗೆದುಕೊಳ್ಳುವ ಹೊತ್ತಿಗೆ ಗಡಿಯಾರದವನ ಕೃಪೆಯಿಂದ ವಿಷಯ ಬೀದಿಗೆಲ್ಲ ಗೊತ್ತಾಗಿತ್ತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಮೈಕಣ್ಣ ಹೊಗಳಿದ್ದನ್ನೆಲ್ಲ ತೆಗಳಬೇಕು ಎಂದೇ ಹೋಗಿ ಕೂತ. ಆದರೆ ಬಿಕ್ಕಳಿಕೆ ಬಿಡಬೇಕಲ್ಲ. ನಾಯಕ ಉಸಿರು ಬಿಗಿಹಿಡಿದು, ಕಾವಲುಗಾರರ ಬೆನ್ನ ಹಿಂದೆ ಗುಹೆಯೊಳಗೆ ನುಸುಳುತ್ತಿದ್ದ. ಟಾಕೀಸೆಲ್ಲ ನಿಶ್ಶಬ್ದ.

"ಹಿಕ್!"

ಜನ ಗೊಳ್ಳೆಂದು ನಕ್ಕರು. "ಯಾರ್ರೀ ಅದು, ನಾಯಕನ್ನ ಹಿಡಿದುಕೊಡ್ತಿರೋದು?" ಎಂದರು ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು. ಪಕ್ಕದ ಸೀಟಿನ ಅಜ್ಜಿ ಕನಿಕರಪಟ್ಟು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಬೆಚ್ಚಿಬೀಳಿಸಿದರೆ ಬಿಕ್ಕಳಿಕೆ ನಿಲ್ಲುತ್ತದೆಂದು ಹಿಂದಿನಿಂದ ಯಾರೋ ಅವನ ಕಿವಿಯ ಹತ್ತಿರ ಕೂಗಿದರು. ಬೆಚ್ಚಿಬಿದ್ದದ್ದು ಅಜ್ಜಿ.

ಈ ಗದ್ದಲದ ನಡುವೆ ದರ್ಜಿಯ ಕಣ್ಣು ಪರದೆಯ ಮೇಲೆ ಇನ್ನೊಬ್ಬನನ್ನು ಹಿಡಿಯಿತು. ನಾಯಕನ ಎದುರಾಳಿ, ಎರಡನೇ ಹಡಗಿನ ಒಕ್ಕಣ್ಣಿನ ಕಪ್ತಾನ. ಅವನೂ ಅದೇ ನಿಧಿಗಾಗಿ ಅಲೆಯುತ್ತಿದ್ದ, ಆದರೆ ಎಲ್ಲಿ ಹೋದರೂ ನಾಯಕ ಅವನಿಗಿಂತ ಒಂದು ಹೆಜ್ಜೆ ಮುಂದೆ. ಊರಿನ ಹೆಂಗಸರೆಲ್ಲ ಕೈಬೀಸುವುದು ನಾಯಕನಿಗೇ. ದರ್ಜಿ ತೆಗಳುವುದನ್ನು ಮರೆತ. ಕೊನೆಗೆ ನಿಧಿಯ ಪೆಟ್ಟಿಗೆ ತೆರೆದುಕೊಂಡಾಗ ಅವನು ಸೀಟಿನ ಅಂಚಿಗೆ ಬಂದು ಕೂತಿದ್ದ.

ಹೊರಬಾಗಿಲಲ್ಲಿ ಮ್ಯಾನೇಜರು ಮೈಕ್ ಹಿಡಿದಿದ್ದ. "ಆ ಹಡಗು ಮುಳುಗಿದ್ದು ಬಚ್ಚಲಮನೆ ತೊಟ್ಟೀಲಿ. ನನಗೆ ಗೊತ್ತಾಗಲ್ವೇನು?" ಎಂದರು ಮೇಷ್ಟ್ರು. "ಇಡೀ ಸಿನಿಮಾದಲ್ಲಿ ಬುದ್ಧಿ ಇರೋದು ಆ ಗಿಣಿಗೆ ಮಾತ್ರ. ಮಿಕ್ಕವರೆಲ್ಲ ಸ್ನಾನ ಮಾಡಿ ಎಷ್ಟು ದಿನ ಆಗಿತ್ತೋ," ಎಂದಳು ಅಜ್ಜಿ. ಆಮೇಲೆ ಮೈಕ್ ದರ್ಜಿಯ ಮುಂದೆ ಬಂತು.

"ಪೆಟ್ಟಿಗೆ ತೆರೆದಾಗ... ಹಿಕ್... ಎಲ್ಲರೂ ಚಿನ್ನ ನೋಡಿದ್ರಿ. ನಾನು ಆ ಒಕ್ಕಣ್ಣಿನವನ ಮುಖ ನೋಡಿದೆ. ಅವನೂ ಅದೇ ಸಮುದ್ರ... ಹಿಕ್... ದಾಟಿದ್ದ. ಅದೇ ಬಿರುಗಾಳಿಗೆ ಸಿಕ್ಕಿದ್ದ. ನಕ್ಷೆ ಮಾತ್ರ ಬೇರೆಯವರ ಕೈಗೆ ಸಿಕ್ತು. ಅವನಿಗೆ ಚಿನ್ನ ಬೇಕಿರಲಿಲ್ಲ ಸ್ವಾಮಿ. ಒಂದೇ ಒಂದು ಸಲ... ಹಿಕ್... ದಡದಲ್ಲಿ ನಿಂತವರು ಅವನ ಕಡೆಗೂ ಕೈಬೀಸಿದ್ರೆ ಸಾಕಿತ್ತು."

ಯಾರೂ ನಗಲಿಲ್ಲ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮ್ಯಾನೇಜರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ.

"ಇಂಥ ಅಭಿಪ್ರಾಯ ಈ ಬಾಗಿಲಲ್ಲಿ ನಾನು ಕೇಳೇ ಇಲ್ಲ ಕಣಯ್ಯಾ. ಸಂಜೆ ಇದೇ ಹಾಕಿಸ್ತೀನಿ."

"ಬಿಕ್ಕಳಿಕೆ?"

"ಅದನ್ನ ತೆಗೆಸಿಬಿಡ್ತೀನಿ. ಅದಕ್ಕೆ ಗೊತ್ತಿರೋರು ಇದಾರೆ. ನೀನು ನಿಶ್ಚಿಂತೆಯಿಂದ ಹೋಗು."

ದರ್ಜಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಸಂಜೆ ಕಂಬದ ಕೆಳಗೆ ಗಡಿಯಾರದವನು ಬೀದಿಯನ್ನೇ ಸೇರಿಸಿದ್ದ. ಹೆಂಡತಿ ಬಂದಳು, ಜೊತೆಗೆ ಅವಳ ಅಕ್ಕನೂ ಬಂದಳು. ದೂರದಲ್ಲಿ ಕೈಕಟ್ಟಿ ನಿಂತಿದ್ದ ಮೈಕಣ್ಣನನ್ನು ಕಂಡು ದರ್ಜಿಗೆ ಮೊದಲ ಸಲ ಅಯ್ಯೋ ಪಾಪ ಅನ್ನಿಸಿತು. ಬಿಕ್ಕಳಿಕೆ ಇನ್ನೂ ನಿಂತಿರಲಿಲ್ಲ. ಈಗ ಅವನಿಗೆ ಅದೂ ಹಿತವೇ ಆಗಿತ್ತು. ಇಡೀ ಊರು ತನ್ನನ್ನು ನೆನೆಸಿಕೊಳ್ಳುತ್ತಿದೆ ತಾನೇ?

ಸ್ಪೀಕರು ಗೊರಗೊರ ಎಂದಿತು.

"ಪೆಟ್ಟಿಗೆ ತೆರೆದಾಗ ಎಲ್ಲರೂ ಚಿನ್ನ ನೋಡಿದ್ರಿ. ನಾನು ಆ ಒಕ್ಕಣ್ಣಿನವನ ಮುಖ ನೋಡಿದೆ..."

ಮಾತು ಅವನದೇ, ಒಂದಕ್ಷರ ಆಚೀಚೆ ಆಗಿರಲಿಲ್ಲ. ದನಿ ಮಾತ್ರ ಎಣ್ಣೆ ಬಿಟ್ಟ ಯಂತ್ರದ ಹಾಗೆ ಓಡುತ್ತಿತ್ತು. "ಒಂದೇ ಒಂದು ಸಲ" ಎನ್ನುವಲ್ಲಿ ಬಿಕ್ಕಳಿಕೆ ಇರಲಿಲ್ಲ. ಅದರ ಬದಲು ಅಲ್ಲಿ ಚಂದದ ಒಂದು ನಿಟ್ಟುಸಿರು ಸೇರಿತ್ತು.

ಹೆಂಡತಿಯ ಕಣ್ಣಲ್ಲಿ ನೀರು ತುಂಬಿತ್ತು. ಕೈಯಲ್ಲಿದ್ದ ತರಕಾರಿ ಚೀಲ ಜಾರಿ ಬಿದ್ದಿದ್ದೂ ಅವಳಿಗೆ ತಿಳಿಯಲಿಲ್ಲ.

"ಅದು ನನ್ನ ಮಾತು ಕಣೇ," ಎಂದ ದರ್ಜಿ.

"ಸುಮ್ನಿರ್ರೀ. ಭಾವನ ದನಿ ನನಗೆ ಗೊತ್ತಾಗಲ್ವಾ? ಸೋತವನಿಗೂ ಮರುಗೋ ಮನಸ್ಸು ನೋಡಿ ಅವರದು. ಅಂಥವರ ಮೇಲೂ ಹೊಟ್ಟೆಕಿಚ್ಚು ಪಡ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಮೈಕಣ್ಣ ಬಂದು ಅವನ ಹೆಗಲ ಮೇಲೆ ಕೈಹಾಕಿ, ಪಕ್ಕಕ್ಕೆ ಕರೆದೊಯ್ದು ಪಿಸುಗುಟ್ಟಿದ: "ಮ್ಯಾನೇಜರು ನಿನ್ನ ರೆಕಾರ್ಡಿಂಗು ತಂದುಕೊಟ್ಟ ಕಣಪ್ಪಾ. ಬಿಕ್ಕಳಿಕೆ ತೆಗೆಯೋಕೆ ಹೋದ್ರೆ ಮಾತೂ ಕಿತ್ಕೊಂಡು ಬರ್ತಿತ್ತು. ಊರೆಲ್ಲ ನಿನ್ನ ನೋಡಿ ನಗೋದು ಬೇಡ ಅಂತ ನಿನ್ನ ಮಾತನ್ನೇ ನನ್ನ ದನೀಲಿ ಹೇಳಿಬಿಟ್ಟೆ. ಮನೆ ಮರ್ಯಾದೆ ಅಲ್ವಾ? ಅದು ನಿಂದು ಅಂತ ಸಾಯೋವರೆಗೂ ಯಾರ ಹತ್ರಾನೂ ಬಾಯಿ ಬಿಡಲ್ಲ."

"ಹೇಳಿ ಅಣ್ಣಾ. ದಯವಿಟ್ಟು ಎಲ್ಲರಿಗೂ ಹೇಳಿ."

"ಛೆ ಛೆ, ನಾನು ಅಂಥವನಲ್ಲ," ಎಂದು ಬೆನ್ನು ತಟ್ಟಿ ಮೈಕಣ್ಣ ಜನರ ನಡುವೆ ಸೇರಿಕೊಂಡ. ಎಲ್ಲರೂ ಅವನ ಕೈ ಕುಲುಕತೊಡಗಿದರು. ಎಲ್ಲರಿಗಿಂತ ಮೊದಲು ಕೈ ಕುಲುಕಲು ಹೋದವಳು ದರ್ಜಿಯ ಹೆಂಡತಿ.

ಗಡಿಯಾರದವನು ದರ್ಜಿಯ ಮುಖವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಕೇಳಿದ: "ಏನಯ್ಯಾ, ನಿನ್ನ ಬಿಕ್ಕಳಿಕೆ ನಿಂತೇ ಹೋಯ್ತಲ್ಲ?"

ಹೌದು, ನಿಂತಿತ್ತು.